ಬಳಪ ತಿನ್ನುವ ಮಗು

ಬಳಪ, ಮಣ್ಣು, ಗೋಡೆಯ ಸುಣ್ಣ ಮೊದಲಾದುವನ್ನು ಕದ್ದು ತಿನ್ನುವ ಮಗುವಿಗೆ ಮನೆಯಲ್ಲಿ ದೊರೆಯುವುದು ಬಹುಶಃ ಏಟು. ಶಾಲೆಯಲ್ಲಿಯೂ ಅಷ್ಟೇ, ಈ ಲೇಖಕನೂ ಒಬ್ಬ ಬಾಲಕನನ್ನು ಅದಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅವನ ಕಣ್ಣುರೆಪ್ಪೆಯನ್ನು ಎಳೆದು ನೋಡುವ ತಿಳಿವಳಿಕೆ ಅಂದು ಇರಲಿಲ್ಲ.

ಈ ಚಾಳಿಯ ಹಿಂದೆ ಅನೇಕ ವೇಳೆ ರಕ್ತಹೀನತೆಯಿರುತ್ತದೆ. ದೇಹದಲ್ಲಿ ಕಬ್ಬಿಣಾಂಶ ಕುಂದಿದಾಗ ಇಂತಹ ಬಯಕೆ ಹುಟ್ಟಬಹುದು. ತಿಂದ ಮಣ್ಣಿನೊಡನೆ ಜಂತುಹುಳುವಿನ ಮೊಟ್ಟೆಗಳೂ ಹೊಟ್ಟೆ ಸೇರುತ್ತವೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುವ ಕೊಕ್ಕೆಹುಳುವಂತೂ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ.

ರೆಪ್ಪೆಯ ಒಳಭಾಗ, ಉಗುರು ಬಿಳಿಚಿದ್ದರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಬಿಳಿಚದಿದ್ದರೂ ಮಾಡಿಸುವುದು ಒಳಿತು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ಊಟದೊಡನೆ ಮಕ್ಕಳಿಗೆ ಚಹಾ ಕೊಡುವ ರೂಢಿಯನ್ನು ಪಾಲಕರು ಬಿಡಬೇಕು, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಬಡಿಸಿದರೆ ಹೆಚ್ಚು ಹತ್ತುತ್ತದೆ.