ಕುಲುಮೆಯಲ್ಲಿ ಹುಟ್ಟಿದ ಚರ್ಚು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಫಿಲಡೆಲ್ಫಿಯಾದ ‘ಮದರ್ ಬೆಥೆಲ್’ ಚರ್ಚ್ ನೋಡಿದೆವು. ನೆಲಮಾಳಿಗೆಯಲ್ಲಿ ಸ್ಥಾಪಕರ ಸಮಾಧಿ ಇದೆ. ಅವರು ಗುಲಾಮರಾಗಿದ್ದವರಂತೆ. ದೇವರೂ ಒಬ್ಬನೇ, ಬೈಬಲ್ಲೂ ಒಂದೇ; ಹಾಗಿದ್ದ ಮೇಲೆ ಬೇರೆ ಚರ್ಚ್ ಕಟ್ಟಿದ್ದು ಯಾಕೆ? ಆ ಕಟ್ಟಡ ನಿಜಕ್ಕೂ ಇನ್ನೂರು ವರ್ಷ ಹಳೆಯದೇ?
— ಓದುಗರೊಬ್ಬರು, ಹಾಸನ

ಉತ್ತರ: ನೀವು ನೋಡಿದ್ದು ರಿಚರ್ಡ್ ಅಲೆನ್ ಅವರ ಸಮಾಧಿ. ದೇವರ ಬಗ್ಗೆಯಾಗಲಿ ಬೈಬಲ್ ಬಗ್ಗೆಯಾಗಲಿ ಅವರಿಗೆ ಯಾವ ತಕರಾರೂ ಇರಲಿಲ್ಲ. ಜಾನ್ ವೆಸ್ಲಿಯ ಮೆಥೊಡಿಸ್ಟ್ ಪಂಥವನ್ನಂತೂ ಸಾಯುವ ತನಕ ಬಿಡಲಿಲ್ಲ. (ಮೈಸೂರು ಸೀಮೆಯಲ್ಲಿ ಶಾಲೆ, ಅಚ್ಚುಕೂಟ ನಡೆಸಿದ ವೆಸ್ಲಿಯನ್ ಮಿಷನ್ ಅದೇ ಬೇರಿನದು.) ಜಗಳ ಹುಟ್ಟಿದ್ದು ಚರ್ಚಿನ ಒಳಗೆ ಯಾರು ಎಲ್ಲಿ ಮಂಡಿಯೂರಬೇಕು ಎಂಬ ಮಾತಿಗೆ. ಆಮೇಲೆ ಅದು ಜಾಗದ ಜಗಳವಾಯಿತು. ಎರಡನೆಯದೇ ದೀರ್ಘ, ನನಗೆ ಹೆಚ್ಚು ಕುತೂಹಲದ್ದೂ ಅದೇ.

ಅಲೆನ್ ಹುಟ್ಟಿದ್ದು 1760ರ ಫೆಬ್ರವರಿ 14ರಂದು. ಆಗ ಇಡೀ ಕುಟುಂಬ ಫಿಲಡೆಲ್ಫಿಯಾದ ವಕೀಲ ಬೆಂಜಮಿನ್ ಚ್ಯೂ ಎಂಬಾತನ ಸೊತ್ತು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಎಲ್ಲರನ್ನೂ ಡೆಲವೇರ್‌ನ ಸ್ಟೋಕ್ಲಿ ಸ್ಟರ್ಜಿಸ್ ಎಂಬ ಜಮೀನುದಾರನಿಗೆ ಮಾರಲಾಯಿತು. ಸಾಲ ಕುತ್ತಿಗೆಗೆ ಬಂದಾಗ ಸ್ಟರ್ಜಿಸ್ ತಾಯಿಯನ್ನೂ ಮೂವರು ಮಕ್ಕಳನ್ನೂ ಬೇರೆಡೆಗೆ ಮಾರಿದ. ಅಲೆನ್ ಉಳಿದರು, ಅಣ್ಣತಮ್ಮಂದಿರಲ್ಲಿ ಒಬ್ಬರು ಜೊತೆಗಿದ್ದರು. ಅಚ್ಚರಿಯೆಂದರೆ, ಇದೇ ಸ್ಟರ್ಜಿಸ್‌ನನ್ನು ಅಲೆನ್ ತಮ್ಮ ಆತ್ಮಕಥೆಯಲ್ಲಿ ಕರುಣೆಯುಳ್ಳ ಒಡೆಯ ಎಂದೇ ಕರೆದಿದ್ದಾರೆ. ಗುಲಾಮಗಿರಿ ಮಾತ್ರ ಕಹಿ ಗುಟುಕು ಎಂಬುದನ್ನೂ ಅಲ್ಲಿ ಮರೆಯದೆ ಸೇರಿಸಿದ್ದಾರೆ.

ಸುಮಾರು ಹದಿನೇಳರ ವಯಸ್ಸಿಗೆ ಅಲೆನ್ ಊರೂರು ತಿರುಗುತ್ತಿದ್ದ ಮೆಥೊಡಿಸ್ಟ್ ಬೋಧಕರ ಮಾತು ಕೇಳಿ ಮತಕ್ಕೆ ಒಲಿದರು. ಧರ್ಮ ಕಲಿತ ಆಳು ಕೆಡುತ್ತಾನೆ ಎಂದು ನೆರೆಹೊರೆಯವರು ಒಡೆಯನಿಗೆ ಚುಚ್ಚುತ್ತಿದ್ದರು. ಆ ಮಾತು ಸುಳ್ಳಾಗಲೆಂದೇ ಸಹೋದರರಿಬ್ಬರೂ ಮೊದಲಿಗಿಂತ ಹೆಚ್ಚು ದುಡಿದರು. ಕೊನೆಗೆ ಸ್ಟರ್ಜಿಸ್‌ನೇ ಬೋಧಕರನ್ನು ಮನೆಗೆ ಕರೆಸಿದ. ಗುಲಾಮರನ್ನು ಇಟ್ಟುಕೊಳ್ಳುವುದು ಪಾಪವೆಂದು ಅವರು ಮುಖಕ್ಕೆ ಹೇಳಿದ ಮೇಲೆ ಅವನ ಮನಸ್ಸು ಕದಡಿತು. ಆದರೂ ಸುಮ್ಮನೆ ಬಿಡಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧಕಾಲದ ಕಾಗದದ ಹಣದಲ್ಲಿ 2,000 ಡಾಲರ್ ಕೊಟ್ಟು ಬಿಡುಗಡೆ ಕೊಂಡುಕೋ ಎಂದ.

ಅಲೆನ್ ಸೌದೆ ಒಡೆದರು, ಇಟ್ಟಿಗೆ ಗೂಡಿನಲ್ಲಿ ದುಡಿದರು, ಯುದ್ಧದ ನಡುವೆ ಉಪ್ಪಿನ ಗಾಡಿ ಹೊಡೆದರು. ಮೊದಲ ದಿನ ಸೌದೆ ಕಡಿದಾಗ ಬೊಬ್ಬೆಯೆದ್ದು ಅಂಗೈ ಮುಚ್ಚಲೂ ಬಾರದು, ತೆರೆಯಲೂ ಬಾರದು ಎಂಬಂತಾಗಿತ್ತು. ಗಡುವಿಗಿಂತ ಮುಂಚೆ, 1783ರಲ್ಲೇ ಹಣ ತೀರಿಸಿ, ಮೇಲೆ ಹದಿನೆಂಟು ಬುಷೆಲ್ ಉಪ್ಪನ್ನು ಒಡೆಯನಿಗೆ ಉಡುಗೊರೆಯಾಗಿ ಕೊಟ್ಟರು. ಉಪ್ಪಿನ ಋಣ ಎನ್ನುತ್ತೇವಲ್ಲ, ಅದು ಇಲ್ಲಿ ಯಾರಿಗೆ ಯಾರದೆಂದು ನನಗಿನ್ನೂ ಬಗೆಹರಿದಿಲ್ಲ.

1786ರಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥೊಡಿಸ್ಟ್ ಚರ್ಚು ಅವರನ್ನು ಬೋಧನೆಗೆ ಕರೆಯಿತು. ಸಿಕ್ಕ ಹೊತ್ತು ಬೆಳಗಿನ ಜಾವ ಐದು ಗಂಟೆ. ಕಪ್ಪುಜನ ಹೆಚ್ಚುತ್ತಾ ಹೋದಂತೆ ಅವರನ್ನು ಗೋಡೆಯ ಅಂಚಿಗೆ ಸರಿಸಿದರು, ಆಮೇಲೆ ಹೊಸದಾಗಿ ಕಟ್ಟಿದ ಮೇಲಿನ ಗ್ಯಾಲರಿಗೆ ಹತ್ತಿಸಿದರು. ಆ ಗ್ಯಾಲರಿಗೆ ಕಪ್ಪುಜನರೂ ಹಣ ಹಾಕಿದ್ದರು, ಮೈ ಬಗ್ಗಿಸಿ ದುಡಿದಿದ್ದರು. ಒಂದು ಭಾನುವಾರ ಪ್ರಾರ್ಥನೆ ನಡೆಯುತ್ತಿರುವಾಗಲೇ ಟ್ರಸ್ಟಿಯೊಬ್ಬ ಬಂದು, ಮಂಡಿಯೂರಿದ್ದ ಅಲೆನ್‌ರ ಜೊತೆಗಾರ ಅಬ್ಸಲೋಮ್ ಜೋನ್ಸ್ ಅವರನ್ನು ಹಿಡಿದೆಬ್ಬಿಸಿದ. ಅವರು ಕೂರಬೇಕಾದ ಜಾಗ ಅದಲ್ಲವಂತೆ. ಪ್ರಾರ್ಥನೆ ಮುಗಿಯುವವರೆಗೆ ತಾಳಿ ಎಂದು ಜೋನ್ಸ್ ಬೇಡಿಕೊಂಡರೂ ಆತ ಕೇಳಲಿಲ್ಲ. ಪ್ರಾರ್ಥನೆ ಮುಗಿದದ್ದೇ ತಡ, ಕಪ್ಪುಜನ ಒಟ್ಟಾಗಿ ಎದ್ದು ಹೊರನಡೆದರು. ಇದು 1787ರ ಘಟನೆ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಗ್ಯಾಲರಿ ಕಟ್ಟಿದ್ದೇ 1792ರಲ್ಲಾದ್ದರಿಂದ ಇತ್ತೀಚಿನ ಇತಿಹಾಸಕಾರರು ಆ ಹೊತ್ತಿಗೆ ಎಳೆಯುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಹೊರಬಂದವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಹೆಚ್ಚಿನವರು ಜೋನ್ಸ್ ಜೊತೆ ಎಪಿಸ್ಕೋಪಲ್ ಪಂಥಕ್ಕೆ ಹೋದರು. ಅಲೆನ್ ಮೆಥೊಡಿಸ್ಟರಾಗಿಯೇ ಉಳಿದು, 1791ರಲ್ಲಿ ಸಿಕ್ಸ್ತ್ ಸ್ಟ್ರೀಟ್ ಮತ್ತು ಲೊಂಬಾರ್ಡ್ ಸ್ಟ್ರೀಟ್ ಕೂಡುವಲ್ಲಿ ಖರೀದಿಸಿದ್ದ ನಿವೇಶನಕ್ಕೆ ಹಳೆಯದೊಂದು ಕಮ್ಮಾರಸಾಲೆಯನ್ನು ಕೊಂಡು ತಮ್ಮದೇ ಕುದುರೆಗಳಿಂದ ಎಳೆಸಿ ತಂದರು. 1794ರ ಜುಲೈನಲ್ಲಿ ಆ ಕುಲುಮೆಮನೆಯೇ ‘ಬೆಥೆಲ್’ ಚರ್ಚ್ ಆಯಿತು. ಅಲೆನ್ ಹೊಟ್ಟೆಪಾಡಿಗೆ ಚಿಮಣಿ ಗುಡಿಸುವ ಕಸುಬನ್ನೂ ಚಪ್ಪಲಿ ಹೊಲಿಯುವುದನ್ನೂ ನೆಚ್ಚಿಕೊಂಡಿದ್ದರು.

ಇದಕ್ಕೆ ಹಿಂದಿನ ವರ್ಷವೇ ಊರಿಗೆ ಹಳದಿ ಜ್ವರ ಬಡಿದಿತ್ತು. ಸತ್ತವರು ಸುಮಾರು ಐದು ಸಾವಿರ. ಕಪ್ಪುಜನರಿಗೆ ಈ ಜ್ವರ ತಗಲುವುದಿಲ್ಲವೆಂದು ವೈದ್ಯ ಬೆಂಜಮಿನ್ ರಷ್ ತಪ್ಪಾಗಿ ನಂಬಿ ನೆರವು ಕೇಳಿದರು. ಅಲೆನ್, ಜೋನ್ಸ್ ಮತ್ತು ಅವರ ಜನ ರೋಗಿಗಳ ಆರೈಕೆ ಮಾಡಿದರು, ಹೆಣ ಹೊತ್ತರು. ಅಲೆನ್ ಅವರಿಗೂ ಜ್ವರ ಬಂತು. ಜ್ವರ ಇಳಿದ ಮೇಲೆ, ಕಪ್ಪುಜನರು ದುಡ್ಡು ಸುಲಿದರೆಂದು ಪ್ರಕಾಶಕ ಮ್ಯಾಥ್ಯೂ ಕೇರಿ ಬರೆದ. ಅಲೆನ್, ಜೋನ್ಸ್ ಇಬ್ಬರೂ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಲೆಕ್ಕವನ್ನೇ ಮುಂದಿಟ್ಟರು: ಬಂದದ್ದು, ಶವಪೆಟ್ಟಿಗೆಗೆ ಹೋದದ್ದು, ಆಳುಗಳಿಗೆ ಕೊಟ್ಟದ್ದು, ಕೈಯಿಂದ ಹೋದದ್ದು ಸುಮಾರು 177 ಪೌಂಡ್.

ಈಗ ಜಾಗದ ವಿಷಯ. ಚರ್ಚನ್ನು ನೋಂದಾಯಿಸುವ ಹೊತ್ತಿಗೆ ಬಿಳಿಯ ಪಾದ್ರಿಯೊಬ್ಬರು, ವಕೀಲರ ಖರ್ಚು ಯಾಕೆ, ದಸ್ತಾವೇಜು ನಾನೇ ಬರೆದುಕೊಡುತ್ತೇನೆ ಎಂದರು. ಇವರು ನಂಬಿ ಸಹಿ ಹಾಕಿದರು. ಚರ್ಚಿನ ಆಸ್ತಿ ಬಿಳಿಯ ಮೆಥೊಡಿಸ್ಟರ ಆಡಳಿತ ಸಭೆಯಾದ ಕಾನ್ಫರೆನ್ಸ್‌ನ ಹಿಡಿತಕ್ಕೆ ಸೇರಿದೆಯೆಂದು ತಿಳಿದದ್ದು ಸುಮಾರು ಹತ್ತು ವರ್ಷದ ಮೇಲೆ. ಪಹಣಿಯಲ್ಲಿ ಹೆಸರು ಬದಲಾದದ್ದು ಕಂದಾಯ ಕಟ್ಟಲು ಹೋದಾಗ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1807ರಲ್ಲಿ ಸಭೆಯವರು ಆ ದಸ್ತಾವೇಜಿಗೆ ತಿದ್ದುಪಡಿ ಮಾಡಿ ಆಡಳಿತವನ್ನು ಕೈಗೆ ತೆಗೆದುಕೊಂಡರು. ಸೇಂಟ್ ಜಾರ್ಜ್‌ನವರು ಬಿಡಲಿಲ್ಲ. ಬಂದು ಪ್ರಸಂಗ ಮಾಡಲು ವರ್ಷಕ್ಕೆ 600 ಡಾಲರ್ ಕೇಳಿದರು, ಚೌಕಾಶಿಯಾಗಿ 200ಕ್ಕೆ ಇಳಿದರು. ಅಷ್ಟು ತೆಗೆದುಕೊಂಡು ವರ್ಷದಲ್ಲಿ ಬಂದದ್ದು ಐದೇ ಸಲ. 1815ರಲ್ಲಿ ಚರ್ಚು ಹರಾಜಿಗೇ ಬಂತು. ಅಲೆನ್ ತಾವೇ ಕಟ್ಟಿದ್ದನ್ನು 10,125 ಡಾಲರ್ ಕೂಗಿ ಕೊಂಡುಕೊಳ್ಳಬೇಕಾಯಿತು. ಬಿಳಿಯ ಪಾದ್ರಿಯೊಬ್ಬರು ಪೀಠ ಏರಲು ಬಂದಾಗ ಸಭೆಯವರು ನಡುದಾರಿಯಲ್ಲೇ ಒತ್ತೊತ್ತಾಗಿ ನಿಂತುಬಿಟ್ಟರು. ಪಾದ್ರಿ ಕೋರ್ಟಿಗೆ ಹೋದರು. ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು 1816ರ ಜನವರಿಯಲ್ಲಿ ಬೆಥೆಲ್ ಪರ ತೀರ್ಪು ಕೊಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೇರೆ ಊರುಗಳ ಕಪ್ಪು ಮೆಥೊಡಿಸ್ಟರೂ ಕೂಡಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್ ಕಟ್ಟಿದರು. ಅಲೆನ್ ಅದರ ಮೊದಲ ಬಿಷಪ್.

ಬಿಷಪ್ಪರದು ಎಲ್ಲವೂ ಸರಿ ಎನ್ನಲಾರೆ. ಜರೀನಾ ಲೀ ಎಂಬ ಹೆಣ್ಣುಮಗಳು ತನಗೂ ಬೋಧಿಸುವ ಕರೆ ಬಂದಿದೆ ಎಂದಾಗ, ನಮ್ಮ ನಿಯಮದಲ್ಲಿ ಹೆಂಗಸರಿಗೆ ಅವಕಾಶವಿಲ್ಲ ಎಂದು ಕಳಿಸಿದ್ದರು. ಜಾಗ ತೋರಿಸಿ ಎಬ್ಬಿಸುವುದು ಏನೆಂದು ಅವರಿಗಿಂತ ಬಲ್ಲವರಿರಲಿಲ್ಲ! ವರ್ಷಗಳ ಮೇಲೆ ಬೆಥೆಲ್‌ನಲ್ಲೇ ಬೋಧಕರೊಬ್ಬರು ಪ್ರಸಂಗದ ನಡುವೆ ತಡವರಿಸಿದಾಗ ಲೀ ಎದ್ದು ನಿಂತು ಮುಂದುವರಿಸಿದರು. ಅಲೆನ್ ಅಲ್ಲೇ, ಸಭೆಯ ಮುಂದೆಯೇ ಆಕೆಯ ಕರೆಯನ್ನು ಒಪ್ಪಿಕೊಂಡರು. ಆ ಪಂಥದಲ್ಲಿ ಹೆಣ್ಣೊಬ್ಬಳು ಬಿಷಪ್ ಆಗಲು ಮಾತ್ರ 2000ನೇ ಇಸವಿ ಬರಬೇಕಾಯಿತು.

ಅಲೆನ್‌ರ ಪತ್ನಿ ಸಾರಾ ಓಡಿಬಂದ ಗುಲಾಮರಿಗೆ ಅನ್ನ, ಆಸರೆ ಕೊಟ್ಟವರು. 1817ರ ಜನವರಿಯಲ್ಲಿ, ಸ್ವತಂತ್ರ ಕಪ್ಪುಜನರನ್ನು ಆಫ್ರಿಕಾಕ್ಕೆ ಸಾಗಿಸುವ ಯೋಜನೆಯ ವಿರುದ್ಧ ಸುಮಾರು ಮೂರು ಸಾವಿರ ಜನ ಸೇರಿದ್ದು ಬೆಥೆಲ್‌ನಲ್ಲೇ. ಅಲೆನ್ 1831ರ ಮಾರ್ಚ್ 26ರಂದು ತೀರಿಕೊಂಡರು. ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್ ಈ ಪಂಥದವರು. 2015ರಲ್ಲಿ ಗುಂಡೇಟಿಗೆ ಒಂಬತ್ತು ಜನ ಬಲಿಯಾದ ಚಾರ್ಲ್‌ಸ್ಟನ್‌ನ ಇಮ್ಯಾನ್ಯುಯೆಲ್ ಚರ್ಚೂ ಈ ಪಂಥದ್ದೇ.

ಕಟ್ಟಡದ ವಯಸ್ಸು ಕೇಳಿದ್ದಿರಿ. ನೀವು ಕಂಡದ್ದು 1889–90ರಲ್ಲಿ ಕಟ್ಟಿದ್ದು, ಆ ಜಾಗದಲ್ಲಿ ಎದ್ದ ನಾಲ್ಕನೆಯ ಚರ್ಚು. ಕುಲುಮೆಮನೆಯ ಒಂದು ತುಂಡೂ ಕಣ್ಣಿಗೆ ಬೀಳದು. ನಿವೇಶನ ಮಾತ್ರ 1791ರದ್ದೇ.