ಧಾರಾವಾಹಿ ಇಷ್ಟ, ಬರೆದವನು ಕಷ್ಟ

ಕೃತಿಯನ್ನು ಮೆಚ್ಚಿದವರು ಕರ್ತೃವನ್ನೂ ಮೆಚ್ಚಲೇಬೇಕೆ? ಕಾವ್ಯದ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಚರ್ಚಿಸಿದ್ದೇವೆ. ಟೀವಿ ಧಾರಾವಾಹಿಯ ವಿಷಯದಲ್ಲಿ ಮಾತ್ರ ಯಾರೂ ಎತ್ತಿಲ್ಲ. ಅದೇನು ಸಾಹಿತ್ಯವೇ ಅಂತ ಒಂದು ತಾತ್ಸಾರ. ಆದರೆ ಧಾರಾವಾಹಿಯನ್ನೂ ಯಾರೋ ಕೂತು ಬರೆದಿರುತ್ತಾರಲ್ಲವೆ?

ಉದಾಹರಣೆಗೆ ನಾನು ತೆಗೆದುಕೊಳ್ಳುವುದು ಬಿಬಿಸಿಯ ‘ಷರ್ಲಾಕ್’. 2010ರಿಂದ 2017ರವರೆಗೆ ನಾಲ್ಕು ಸರಣಿ, ಜೊತೆಗೊಂದು ವಿಶೇಷ ಕಂತು, ಒಟ್ಟು 13 ಕಂತು. ಕಂತಿಗೆ ಸುಮಾರು ಒಂದೂವರೆ ಗಂಟೆ. ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಇದನ್ನು ರೂಪಿಸಿದವರು. ಧಾರಾವಾಹಿ ನನಗೆ ಬಲು ಇಷ್ಟ. ಮೊಫಾಟ್ ಎಂಬ ಲೇಖಕ ಮಾತ್ರ ನನಗೆ ಆಗಿಬರುವುದಿಲ್ಲ. ಮನುಷ್ಯನಾಗಿ ಆತ ಹೇಗೋ, ಅದು ನಮಗೆ ಬೇಡ. ಬರವಣಿಗೆಯ ಮಾತಷ್ಟೇ ಆಡೋಣ.

1. ಇಷ್ಟವಾಗುವುದು ಏನು?

ಕಾನನ್ ಡಾಯ್ಲನ 19ನೆಯ ಶತಮಾನದ ಹೋಮ್ಸ್ ಇಲ್ಲಿ ಮೊಬೈಲು ಹಿಡಿದ ಹೋಮ್ಸ್. ಆದರೆ ಬರೀ ವೇಷ ಬದಲಾಯಿಸಿದ್ದಲ್ಲ. ಮೂಲದಲ್ಲಿ ಡಾ. ವಾಟ್ಸನ್ ಆಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದವನು. ನೂರಿಪ್ಪತ್ತು ವರ್ಷದ ಮೇಲೂ ಹಾಗೇ ಬರೆಯಲು ಚರಿತ್ರೆಯೇ ಅವಕಾಶ ಕೊಟ್ಟಿತು! ಮೂಲದ ಒಂದು ಕಾದಂಬರಿಯಲ್ಲಿ (1890) ಹೋಮ್ಸ್ ಒಂದು ಗಡಿಯಾರ ನೋಡಿ ವಾಟ್ಸನ್ನನ ಅಣ್ಣ ಕುಡುಕನೆಂದು ಹೇಳುತ್ತಾನೆ. ಟೀವಿಯಲ್ಲಿ ಗಡಿಯಾರದ ಬದಲು ಫೋನು, ಅಣ್ಣನ ಬದಲು ಅಕ್ಕ.

ಇನ್ನೊಂದು ನೋಡಿ. ಮೊದಲ ಹೋಮ್ಸ್ ಕಾದಂಬರಿಯಲ್ಲಿ (1887) ‘ರಾಖೆ’ ಎಂಬ ಬರಹ ಸಿಗುತ್ತದೆ. ‘ರೇಚಲ್’ ಎಂಬ ಹೆಸರು ಅರ್ಧಕ್ಕೆ ನಿಂತಿದೆ ಎನ್ನುತ್ತಾರೆ ಪೊಲೀಸರು. ಅಲ್ಲ, ಅದು ಜರ್ಮನ್ ಭಾಷೆಯಲ್ಲಿ ‘ಸೇಡು’ ಎನ್ನುತ್ತಾನೆ ಹೋಮ್ಸ್. ಮೊಫಾಟ್ ಬರೆದ ಮೊದಲ ಕಂತಿನಲ್ಲಿ ಇದು ತಿರುವುಮುರುವು: ಜರ್ಮನ್ ಎಂದವನು ದಡ್ಡನಾಗುತ್ತಾನೆ, ರೇಚಲ್ ಎಂಬುದೇ ಸರಿಯಾಗುತ್ತದೆ. ಮೂಲ ಓದಿದವರನ್ನೇ ಬೇಸ್ತು ಬೀಳಿಸುವ ಈ ತುಂಟತನ ಮೂಲವನ್ನು ಪ್ರೀತಿಯಿಂದ ಅರೆದು ಕುಡಿದವನಿಗೆ ಮಾತ್ರ ಸಾಧ್ಯ.

2. ಕಷ್ಟವಾಗುವುದು ಎಲ್ಲಿ?

1891ರಲ್ಲಿ ಪ್ರಕಟವಾದ ಸಣ್ಣಕಥೆಯೊಂದರಲ್ಲಿ ಐರೀನ್ ಆಡ್ಲರ್ ಎಂಬ ಗಾಯಕಿ ಬರುತ್ತಾಳೆ. ಅವಳ ಹತ್ತಿರ ಬೊಹೀಮಿಯದ ರಾಜನ ಜೊತೆ ತೆಗೆಸಿಕೊಂಡ ಒಂದು ಫೋಟೊ ಇದೆ. ಅದನ್ನು ತಂದುಕೊಡಲು ರಾಜ ಹೋಮ್ಸನನ್ನು ಗೊತ್ತುಮಾಡುತ್ತಾನೆ. ಹೋಮ್ಸ್ ಪಾದ್ರಿಯ ವೇಷ ಹಾಕಿ, ಬೆಂಕಿ ಬಿದ್ದಿತೆಂದು ಕೂಗಿಸಿ, ಫೋಟೊ ಇರುವ ಜಾಗ ಪತ್ತೆ ಮಾಡುತ್ತಾನೆ. ಐರೀನಳಿಗೆ ತಕ್ಷಣ ಗುಮಾನಿ. ಗಂಡುವೇಷದಲ್ಲಿ ಅವನ ಮನೆವರೆಗೂ ಹಿಂಬಾಲಿಸಿ, ಅವನ ಹೆಸರು ಹಿಡಿದೇ ಶುಭರಾತ್ರಿ ಹೇಳಿ ಹೋಗುತ್ತಾಳೆ. ಬೆಳಗಾಗುವುದರಲ್ಲಿ ಗಂಡನ ಜೊತೆ ಊರು ಬಿಟ್ಟಿರುತ್ತಾಳೆ. ಹೋಮ್ಸನಿಗೆ ಸಿಗುವುದು ಒಂದು ಕಾಗದ ಮತ್ತು ಅವಳೊಬ್ಬಳದೇ ಫೋಟೊ. ಸೋತವನು ಬಹುಮಾನವಾಗಿ ಆ ಫೋಟೊವನ್ನೇ ಕೇಳಿ ಪಡೆಯುತ್ತಾನೆ. ಗೆದ್ದವಳು ಆಕೆ.

ಇದೇ ಕಥೆಯನ್ನು ಮೊಫಾಟ್ ಬರೆದ ಕಂತು 2012ರ ಜನವರಿ 1ರಂದು ಪ್ರಸಾರವಾಯಿತು. ಮೊದಮೊದಲು ಐರೀನ್ ಇಲ್ಲೂ ಗಟ್ಟಿಗಿತ್ತಿ. ಕೊನೆಗೆ? ಅವಳ ಉಪಾಯಕ್ಕೆ ಖಳನಾಯಕ ಮೊರಿಯಾರ್ಟಿಯ ಸಲಹೆ ಇತ್ತು ಎಂದಾಗುತ್ತದೆ. ಷರ್ಲಾಕ್ ಅವಳ ನಾಡಿ ಹಿಡಿದು, ಇವಳು ನನ್ನನ್ನು ಪ್ರೀತಿಸುತ್ತಾಳೆ ಎಂದು ಕಂಡುಹಿಡಿಯುತ್ತಾನೆ. ಅವಳ ಫೋನಿನ ಗುಪ್ತಸಂಖ್ಯೆಯ ಜಾಗದಲ್ಲಿ ಅವನದೇ ಹೆಸರಿನ ನಾಲ್ಕಕ್ಷರ! ಅವಳು ಅಂಗಲಾಚುತ್ತಾಳೆ. ಆಮೇಲೆ ಕರಾಚಿಯಲ್ಲಿ ತಲೆ ಹೋಗುವ ಹೊತ್ತಿಗೆ ಇವನೇ ಹೋಗಿ ಕಾಪಾಡುತ್ತಾನೆ. ರಾಣಿ ವಿಕ್ಟೋರಿಯಾಳ ಕಾಲದಲ್ಲಿ ಗೆದ್ದ ಹೆಂಗಸು 2012ರಲ್ಲಿ ಸೋಲಬೇಕೆ? ನಾಯಕ ಎಲ್ಲರಿಗಿಂತ ಜಾಣ ಎಂದು ತೋರಿಸುವ ಹಟಕ್ಕೆ ಲೇಖಕ ಅವಳ ಜಾಣತನವನ್ನೇ ಬಲಿ ಕೊಟ್ಟ.

3. ಕೈ ಒಂದೇ

ಹೆಂಗಸರನ್ನು ಬರೆಯಲು ಇವನಿಗೆ ಬರೋದೇ ಇಲ್ಲ ಅಂತ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ‘ಡಾಕ್ಟರ್ ಹೂ’ ಧಾರಾವಾಹಿಗೆ ಮೊಫಾಟ್ 2007ರಲ್ಲಿ ಬರೆದ ‘ಬ್ಲಿಂಕ್’ ಕಂತಿನಲ್ಲಿ ನಾಯಕ ಡಾಕ್ಟರ್ ಕಾಣುವುದೇ ಅಪರೂಪ. ಸ್ಯಾಲಿ ಸ್ಪ್ಯಾರೋ ಎಂಬ ಹುಡುಗಿಯೇ ಒಂದೊಂದು ಗಂಟನ್ನೂ ಬಿಡಿಸುತ್ತಾಳೆ. ಅಲ್ಲಿನ ಕಲ್ಲುಮೂರ್ತಿಗಳು ಯಾರೂ ನೋಡದಿದ್ದಾಗ ಮಾತ್ರ ಚಲಿಸುತ್ತವೆ. ರೆಪ್ಪೆ ಬಡಿದರೆ ಕೆಟ್ಟೆವು. ಅವು ಚಲಿಸುವುದನ್ನು ನಾವೂ ಕಾಣುವುದಿಲ್ಲ. ರಕ್ತವಿಲ್ಲ, ಕಿರುಚಾಟವಿಲ್ಲ, ಆದರೂ ನೋಡಿದವರಿಗೆ ಆ ರಾತ್ರಿ ದೀಪ ಆರಿಸಲು ಧೈರ್ಯ ಸಾಲದು. ಸ್ಯಾಲಿಯನ್ನು ಬರೆಯಬಲ್ಲವನು ಐರೀನಳನ್ನು ಹಾಗೆ ಮಾಡಿದನಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಬಾರದವನ ಮೇಲೆ ಯಾರು ಸಿಟ್ಟಾಗುತ್ತಾರೆ?

4. ಹಾಗಾದರೆ ಏನು ಮಾಡೋಣ?

ಗೆಳೆಯರು ಎರಡು ದಾರಿ ಹೇಳುತ್ತಾರೆ. ಒಂದು: ಚೆನ್ನಾಗಿರುವುದೆಲ್ಲ ನಟರದು, ನಿರ್ದೇಶಕರದು, ಕೆಟ್ಟದ್ದು ಲೇಖಕನದು. ಕಂಬರ್‌ಬ್ಯಾಚ್, ಫ್ರೀಮನ್ ಇಬ್ಬರ ಅಭಿನಯ ದೊಡ್ಡದು, ಒಪ್ಪಿದೆ. ಆದರೆ ‘ರೇಚಲ್’ ತಿರುವು ನಟರು ತಂದದ್ದಲ್ಲ, ಬರವಣಿಗೆಯದು. ಇದು ನ್ಯಾಯವಾಗದು.

ಎರಡು: ರಸ ಸಹೃದಯನಲ್ಲಿ ಹುಟ್ಟುತ್ತದೆ, ಲೇಖಕನ ಗೊಡವೆ ಯಾಕೆ? ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ತಿರುವಿಹಾಕಿದವರಿಗೆ ಈ ಮಾತು ಗೊತ್ತು. ಆದರೆ ಅನೌಚಿತ್ಯದಿಂದ ರಸಭಂಗವಾಗುತ್ತದೆ ಎಂದವರೂ ನಮ್ಮ ಆನಂದವರ್ಧನರೇ. ಐರೀನ್ ಅಂಗಲಾಚುವಾಗ ನನಗೆ ಆಗುವುದು ಆ ರಸಭಂಗ. ಅದು ಹೊರಗಿನಿಂದ ತಂದು ಹಚ್ಚಿದ ನೀತಿಪಾಠವಲ್ಲ. ಪಾತ್ರಕ್ಕೆ ಒಪ್ಪದ್ದು ಪಾತ್ರದ ಕೈಯಲ್ಲಿ ನಡೆಯಿತು, ಅಷ್ಟೆ.

ನಾನು ವಾಣಿಜ್ಯದ ವಿದ್ಯಾರ್ಥಿ, ನನಗೆ ತೋಚುವುದು ಲೆಕ್ಕದ ದಾರಿ. ಅಢಾವೆ ಪತ್ರಿಕೆಯಲ್ಲಿ ಆಸ್ತಿ ಒಂದು ಬದಿ, ಸಾಲ ಒಂದು ಬದಿ. ಸಾಲವನ್ನು ಆಸ್ತಿಯಲ್ಲಿ ವಜಾ ಹಾಕಿ ಒಂದೇ ಅಂಕಿ ಬರೆದರೆ ಅಂಗಡಿಯ ನಿಜಸ್ಥಿತಿ ತಿಳಿಯದು. ಮೆಚ್ಚುಗೆಯೂ ಹಾಗೆಯೇ. ‘ಬ್ಲಿಂಕ್’ ಬರೆದನೆಂದು ಐರೀನಳ ವಿಷಯ ಮಾಫಿ ಆಗಬಾರದು. ಐರೀನಳ ನೆಪದಲ್ಲಿ ‘ಬ್ಲಿಂಕ್’ ಅಳಿಸಿಹೋಗಲೂಬಾರದು. ಎರಡೂ ಬದಿ ಪೂರ್ತಿ ಬರೆಯಬೇಕು.

ಓದುಗ ಮಿತ್ರರಿಗೆ ಒಂದು ಅಭ್ಯಾಸ: ಮೊದಲು ಡಾಯ್ಲನ ಕಥೆ ಓದಿ, ಅರ್ಧ ಗಂಟೆಯ ಕೆಲಸ. ಆಮೇಲೆ ಕಂತು ನೋಡಿ. ಐರೀನ್ ಎಲ್ಲಿಯವರೆಗೆ ಡಾಯ್ಲನ ಐರೀನ್ ಆಗಿದ್ದಾಳೆ, ಯಾವ ದೃಶ್ಯದಿಂದ ಕೈತಪ್ಪಿದಳು ಎಂದು ಗುರುತು ಹಾಕಿಕೊಳ್ಳಿ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆದುಕೊಡಿ. ಜಗಳಕ್ಕೆ ನಾನು ತಯಾರು.