ನೋಡಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು?



ಮುದಗಲ್ಲಿನ ಒಂದು ಮನೆಗೆ ಸಂಜೆ ಹೊತ್ತು ಭೇಟಿಗೆಂದು ಹೋಗಿದ್ದೆ. ಟಿ.ವಿ.ಯಲ್ಲಿ ಐ.ಪಿ.ಎಲ್. ಪಂದ್ಯ ನಡೆದಿತ್ತು. ಮನೆಯವರೆಲ್ಲ ಅದರ ಮುಂದೆ ಕುಳಿತಿದ್ದರು. ಪಿ.ಯು.ಸಿ. ಓದುವ ಮಗಳು ಮಾತ್ರ ಗೋಡೆಗೆ ಒರಗಿ ಸುಮ್ಮನಿದ್ದಳು. "ಯಾಕಮ್ಮಾ, ಆರಾಮಿಲ್ಲೇನು?" ಎಂದು ಕೇಳಿದೆ. "ಏನಿಲ್ರೀ ಫಾದರ್" ಎಂದಳು. ಅಷ್ಟರಲ್ಲಿ ಯಾರೋ ಸಿಕ್ಸರ್ ಹೊಡೆದರು. ನನ್ನ ಕಣ್ಣೂ ಟಿ.ವಿ.ಯ ಕಡೆ ತಿರುಗಿತು. ಚಹಾ ಕುಡಿದು, ಪ್ರಾರ್ಥನೆ ಹೇಳಿ ಎದ್ದು ಬಂದೆ.

ಎರಡು ತಿಂಗಳಾದ ಮೇಲೆ ಆಕೆಯ ತಾಯಿ ಅಳುತ್ತಾ ಬಂದರು. "ಊಟ ಇಲ್ಲ, ನಿದ್ದಿ ಇಲ್ಲ, ಬದುಕೋದೇ ಬ್ಯಾಡ ಅಂತಾಳ್ರೀ ಫಾದರ್." ದೇವರ ದಯೆಯಿಂದ ಆಕೆಯನ್ನು ವೈದ್ಯರ ಬಳಿಗೆ ಸಕಾಲಕ್ಕೆ ಕರೆದೊಯ್ದೆವು. ಈಗ ಚೇತರಿಸಿಕೊಂಡಿದ್ದಾಳೆ. ಆದರೆ ಆ ಸಂಜೆ ನಾನು ಎರಡನೇ ಸಲ ಕೇಳಲಿಲ್ಲವಲ್ಲ ಎಂಬ ನೋವು ನನ್ನಲ್ಲಿ ಇನ್ನೂ ಇದೆ. ಈ ಲೇಖನ ಬರೆಯಲು ಅದೇ ಕಾರಣ.

ಮನರಂಜನೆ ಪಾಪವೇ?

ಅಲ್ಲ. ಹೊಲದಲ್ಲಿ, ಗಣಿಯಲ್ಲಿ, ಅಂಗಡಿಯಲ್ಲಿ ದುಡಿದು ಬಂದವರಿಗೆ ಒಂದು ಹಾಡು, ಒಂದು ಆಟ, ಒಂದು ನಗೆಮಾತು ಬೇಕು. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಸಮೂಹ ಮಾಧ್ಯಮಗಳ ಕುರಿತ ಆಜ್ಞಾಪತ್ರದಲ್ಲಿ ಸಿನಿಮಾ, ರೇಡಿಯೋ, ಟಿ.ವಿ.ಗಳನ್ನು ತಳ್ಳಿಹಾಕಲಿಲ್ಲ. ಸರಿಯಾಗಿ ಬಳಸಿದರೆ ಅವು ಮನುಷ್ಯನಿಗೆ ಉಪಕಾರಿ ಎಂದಿತು. ಆಯ್ದುಕೊಳ್ಳುವ ಹೊಣೆಯನ್ನು ನೋಡುಗರ ಮೇಲೂ ಇಟ್ಟಿತು. ಹಾಗಾದರೆ ಆಯ್ದುಕೊಳ್ಳುವುದು ಹೇಗೆ? ಇದಕ್ಕೆ ಒಬ್ಬ ಸಂತರ ಅನುಭವವೇ ಉತ್ತರ ಕೊಡುತ್ತದೆ.

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಲೊಯೋಲಾದ ಇಗ್ನಾಸಿ ಎಂಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಬೇಕಾಯಿತು. ಹೊತ್ತು ಕಳೆಯಲು ಅವರು ಕೇಳಿದ್ದು ವೀರರ ಸಾಹಸಕಥೆಗಳನ್ನು. ಅದು ಆ ಕಾಲದ ಸಿನಿಮಾ ಎನ್ನಿ! ಮನೆಯಲ್ಲಿ ಆ ಪುಸ್ತಕಗಳಿರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಜೀವನಕಥೆಗಳು. ಓದಿದರು; ನಡುನಡುವೆ ಹಳೆಯ ಸಾಹಸಗಳ ಹಗಲುಗನಸನ್ನೂ ಕಂಡರು. ಎರಡೂ ಆ ಹೊತ್ತಿಗೆ ಸಿಹಿಯಾಗಿಯೇ ಇದ್ದವು. ಆದರೆ ಹಗಲುಗನಸು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು. ಸಂತರನ್ನು ನೆನೆದ ಮೇಲೆ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಮನಪರಿವರ್ತನೆಯ ಆರಂಭ.

ಅವರು ಸ್ಥಾಪಿಸಿದ ಯೇಸುಸಭೆಯ ಗುರುಗಳೇ ಮುಂದೆ ಗೋವೆಯಿಂದ ನಮ್ಮ ಮುದಗಲ್ಲಿಗೂ ಬಂದರು. ಇಲ್ಲಿಯ ಹಳೆಯ ಚರ್ಚು 1557ಕ್ಕಿಂತ ಮುಂಚಿನದೆಂದು ಗೆಜೆಟಿಯರ್ ಹೇಳುತ್ತದೆ. ಅಂದರೆ ಇಗ್ನಾಸಿಯವರ ಪಾಠ ನಮಗೆ ಪರರದಲ್ಲ, ಮನೆಯ ಆಸ್ತಿ.

ಹಾಗಾಗಿ, "ನೋಡುವಾಗ ಚೆನ್ನಾಗಿತ್ತೇ?" ಎಂದಷ್ಟೇ ಕೇಳಿದರೆ ಸಾಲದು. "ಮುಗಿದ ಮೇಲೆ ಮನಸ್ಸು ಹೇಗಿದೆ?" ಎಂದೂ ಕೇಳಬೇಕು. ಮೊಬೈಲಿನ ರೀಲ್ಸ್‌ನಲ್ಲಿ ಒಂದು ಮುಗಿಯುವುದರೊಳಗೆ ಇನ್ನೊಂದು ಬರುತ್ತದೆ. ಈ ಪ್ರಶ್ನೆ ಕೇಳಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಮಾತೆ ಮರಿಯಮ್ಮನವರು ಕಂಡದ್ದನ್ನೂ ಕೇಳಿದ್ದನ್ನೂ ಹೃದಯದಲ್ಲಿಟ್ಟು ಮನನ ಮಾಡಿದರೆಂದು ಸಂತ ಲೂಕರು ತಿಳಿಸುತ್ತಾರೆ (2:19). ಆ ಬಿಡುವನ್ನು ಓದು ನಮಗೆ ಕೊಡುತ್ತದೆ. ಪುಸ್ತಕ ಮಡಚಿ ಯೋಚಿಸಬಹುದು, ಮತ್ತೆ ತೆರೆಯಬಹುದು.

ಲೋಕದ ಸುದ್ದಿ ನಮಗೇಕೆ?

"ಎಲ್ಲೋ ಯುದ್ಧ ಆದರ ನಮಗೇನ್ರೀ?" ಎಂದು ಕೆಲವರು ಕೇಳುತ್ತಾರೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ತೆಗೆಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತನಿಗೆ ಇದು ದೂರದ ಸುದ್ದಿಯೇ? ಅದೇ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಲೋಕದ ಕಣ್ಣೀರು ನಮ್ಮ ತಾಲೂಕುಗಳ ತನಕ ಹರಿದು ಬಂದಿದೆ. ಇದನ್ನು ಓದಿ ತಿಳಿದವನು ನೆರೆಯವನನ್ನು 'ಹೊರಗಿನವ' ಎಂದು ಬೇಗ ಜರಿಯಲಾರ. ಮೊಬೈಲಿಗೆ ಬಂದ ಗಾಳಿಸುದ್ದಿಯನ್ನು ವಿಚಾರಿಸದೆ ಇನ್ನೊಬ್ಬರಿಗೆ ಕಳುಹಿಸಲಾರ.

"ಓದು ಮೇಷ್ಟ್ರಿಗೆ, ಫಾದರಿಗೆ" ಎನ್ನಬೇಡಿ. 1915ರಲ್ಲಿ ನಮ್ಮ ಮಸ್ಕಿಯಲ್ಲಿ ಪತ್ತೆಯಾದ ಅಶೋಕನ ಶಾಸನ ಏನು ಹೇಳುತ್ತದೆ ಗೊತ್ತೇ? ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಸಾಮಾನ್ಯನೂ ಅದನ್ನು ಪಡೆಯಬಲ್ಲನು ಎಂಬುದು ಅದರ ತಾತ್ಪರ್ಯ. ಓದಿಗೂ ಈ ಮಾತು ಒಪ್ಪುತ್ತದೆ.

ಮನಸ್ಸನ್ನು ಅರಿಯುವ ಓದು

ಮನಶ್ಶಾಸ್ತ್ರ ಎಂದರೆ ವಿಶ್ವಾಸಕ್ಕೆ ವಿರೋಧ ಎಂದು ಭಾವಿಸುವವರಿದ್ದಾರೆ. 1965ರ ಡಿಸೆಂಬರ್ 7ರಂದು ಹೊರಬಂದ 'ಆಧುನಿಕ ಜಗತ್ತಿನಲ್ಲಿ ಧರ್ಮಸಭೆ' ಎಂಬ ವ್ಯಾಟಿಕನ್ ಮಹಾಸಭೆಯ ಸಂವಿಧಾನದ 62ನೆಯ ವಿಭಾಗವು, ಜನರ ಆತ್ಮಿಕ ಪಾಲನೆಯಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ತಿಳಿವನ್ನೂ ಬಳಸಬೇಕೆಂದು ಹೇಳುತ್ತದೆ. ಗುರುಮಠದಲ್ಲಿ ಇದನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಅದರ ಅರ್ಥ ತಿಳಿದದ್ದು ಆ ಹುಡುಗಿಯಿಂದ.

ವಿಕ್ಟರ್ ಫ್ರಾಂಕ್ಲ್ ಎಂಬ ಯೆಹೂದ್ಯ ಮನೋವೈದ್ಯರು ನಾಜಿಗಳ ಯಾತನಾ ಶಿಬಿರಗಳಲ್ಲಿ ಬದುಕಿ ಉಳಿದವರು. ಬದುಕಿಗೆ ಒಂದು ಅರ್ಥ ಕಂಡವನು ಘೋರ ಕಷ್ಟವನ್ನೂ ತಾಳಬಲ್ಲನೆಂದು 1946ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದರು. ಕನ್ನಡದಲ್ಲೂ ಇಂಥ ಓದಿಗೆ ಕೊರತೆಯಿಲ್ಲ. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗೆ ತಿಳಿಯುವಂತೆ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ.

ಒಂದು ಎಚ್ಚರಿಕೆ. ಓದಿದ ಮಾತ್ರಕ್ಕೆ ನಾವು ವೈದ್ಯರಾಗುವುದಿಲ್ಲ. ನಿದ್ದೆ ಕೆಟ್ಟರೆ, ಬದುಕು ಬೇಡ ಎಂಬ ಮಾತು ಬಂದರೆ, ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತ ಸಲಹೆ ಸಿಗುತ್ತದೆ. ಇದರಲ್ಲಿ ನಾಚಿಕೆಯಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

1. ರಾತ್ರಿ ಜಪಸರವಾದ ಮೇಲೆ ಅರ್ಧ ಗಂಟೆ ಟಿ.ವಿ., ಮೊಬೈಲುಗಳಿಗೆ ವಿಶ್ರಾಂತಿ ಕೊಡಿ. ಈ ನಿಯಮ ಅಪ್ಪ ಅಮ್ಮನಿಗೂ ಇರಲಿ.

2. ಪತ್ರಿಕೆಯ ಒಂದು ಸುದ್ದಿಯನ್ನೋ ಪುಸ್ತಕದ ಎರಡು ಪುಟವನ್ನೋ ಒಬ್ಬರು ಗಟ್ಟಿಯಾಗಿ ಓದಿರಿ. ಓದು ಬಾರದ ಅಜ್ಜಿಯೂ ಕೇಳಲಿ, ಅಭಿಪ್ರಾಯ ಹೇಳಲಿ.

3. ವಾರಕ್ಕೊಮ್ಮೆ ಎಲ್ಲರೂ ಕೂಡಿ ಒಂದು ಒಳ್ಳೆಯ ಸಿನಿಮಾವನ್ನೋ ಆಟವನ್ನೋ ನೋಡಿರಿ. ಮುಗಿದ ಮೇಲೆ ಐದು ನಿಮಿಷ ಅದರ ಬಗ್ಗೆ ಮಾತಾಡಿರಿ.

4. "ಏನಿಲ್ಲ" ಎಂದವರನ್ನು ಇನ್ನೊಮ್ಮೆ ಕೇಳಿರಿ.

ಚಿಂತನೆಗೆ: ಈ ವಾರ ನಾನು ನೋಡಿದ್ದರಲ್ಲಿ, ಓದಿದ್ದರಲ್ಲಿ ಮನಸ್ಸಿಗೆ ಸಮಾಧಾನ ಉಳಿಸಿದ್ದು ಯಾವುದು? ನನ್ನ ಮನೆಯಲ್ಲಿ ಸುಮ್ಮನಿರುವವರು ಯಾರು?

ಪ್ರಾರ್ಥನೆ: ಪ್ರಭುವೇ, ನೋಡುವ ಕಣ್ಣನ್ನು ಕೊಟ್ಟಿರುವಿರಿ. ಏನನ್ನು ನೋಡಬೇಕು, ಯಾವಾಗ ಕಣ್ಣು ತಿರುಗಿಸಿ ಪಕ್ಕದವರ ಮುಖ ನೋಡಬೇಕು ಎಂಬ ವಿವೇಕವನ್ನೂ ದಯಪಾಲಿಸಿರಿ. ಆಮೆನ್.